ಗಡಿಕಲ್ಲಿನ ಮೇಲಿನ ಚೀಲ

ಅಕ್ಟೋಬರ್ 5, ಸೋಮವಾರ

ಬಂದು ಬಿದ್ದೆ. ಬಿದ್ದೆ ಎನ್ನುವುದು ಬರೀ ಮಾತಲ್ಲ, ಕೊನೆಯ ತಿರುವಿನಲ್ಲಿ ಹೇಸರಗತ್ತೆ ನಿಜವಾಗಿಯೂ ಕೆಡವಿತು. ಕತ್ತೆಯವನು ನನ್ನನ್ನು ಎಬ್ಬಿಸುವ ಬದಲು ಮೊದಲು ಕತ್ತೆಯ ಕಾಲು ಸವರಿ ನೋಡಿದ. "ಏನೂ ಆಗಿಲ್ಲ ಮೇಡಂ, ಗಾಬರಿ ಆಗ್ಬೇಡಿ" ಎಂದ. ಕತ್ತೆಗೆ ಏನೂ ಆಗಿಲ್ಲವಂತೆ.

ಇದೇ ಆ ಟಪಾಲು ಚೌಕಿ. ಸೋಮವಾರ ಕೆಳಗಿನ ಪೇಟೆಯಿಂದ ಕತ್ತೆಯ ಮೇಲೆ ಅಂಚೆ ಚೀಲ ಬಂದು ಇಲ್ಲಿ ತಂಗುತ್ತದೆ. ಗುರುವಾರ ಇಲ್ಲಿಯ ಹರಿಕಾರ ಅದನ್ನು ಹೊತ್ತು ಗಡಿಗೆ ಒಯ್ದು, ಆಚೆಯ ದೇಶದ ಚೀಲ ಹೊತ್ತು ತರುತ್ತಾನೆ. ಇಷ್ಟು ಕೆಲಸಕ್ಕೆ ಕೋಟೆಯಂಥ ಕಲ್ಲಿನ ಕಟ್ಟಡ, ಖಾಲಿ ಲಾಯ, ಆ ಮುದುಕ ಹರಿಕಾರ, ಅವನ ಹೆಂಡತಿ. ಇದನ್ನು ಮುಚ್ಚಿ ಬೀಗ ಹಾಕಿ ಬರಲು ನನ್ನನ್ನು ಕಳಿಸಿದ್ದಾರೆ. ಮುಚ್ಚುವ ಮೊದಲು ಚೌಕಿಯ ಚರಿತ್ರೆಯನ್ನು ಎರಡು ಪುಟ ಬರೆದುಕೊಡಬೇಕಂತೆ, ಇಲಾಖೆಯ ಸ್ಮರಣ ಸಂಚಿಕೆಗೆ. ಕತ್ತು ಹಿಸುಕುವ ಮೊದಲು ಗುಣಗಾನ ಮಾಡುವುದು ಸರ್ಕಾರಕ್ಕೆ ಮಾತ್ರ ಹೊಳೆಯುವ ಉಪಾಯ.

ಕೆಲಸ ಮುಗಿಸಿದರೆ ಊರಿಗೆ ವರ್ಗ. ಸಾಹೇಬರು ಬಾಯಿಬಿಟ್ಟೇ ಹೇಳಿದ್ದಾರೆ. ಮದುವೆಯಾದಾಗಿನಿಂದ ನಾನೊಂದು ಊರು, ಗಂಡನೊಂದು ಊರು. ರಜೆಗೆ ಹೋದಾಗ ನನ್ನದೇ ಅಡುಗೆಮನೆಯಲ್ಲಿ ಚಮಚ ಎಲ್ಲಿದೆ ಎಂದು ಕೇಳಬೇಕು. ನನಗೆ ಊರಿಗೆ ಹೋಗಬೇಕು. ಬೇರೇನೂ ಬೇಡ.

ಅಕ್ಟೋಬರ್ 8, ಗುರುವಾರ

ಹರಿಕಾರ ಚೀಲ ಕಟ್ಟುವುದನ್ನು ನೋಡಿದೆ. ಬಾಯಿಗೆ ಹಗ್ಗ ಸುತ್ತಿ, ಗಂಟು ಬಿಗಿದು, ಗಂಟಿನ ಮೇಲೆ ಅರಗು ಸುರಿದು ಮೊಹರು ಒತ್ತಿದ. ಅಲ್ಲಿಯವರೆಗೆ ಸರಿ. ಆಮೇಲೆ ಚೀಲದ ಬಾಯನ್ನು ಮಡಚಿ, ಗಂಟು ಅಡಿಗೆ ಹೋಗುವಂತೆ ಕಟ್ಟಬೇಕು, ಮಳೆಗೂ ಹಿಮಕ್ಕೂ ಅರಗು ಬಿರಿಯಬಾರದು ಎಂದು. ಇದು ನಿಯಮ. ಈತ ಗಂಟನ್ನು ಕಿರೀಟದ ಹಾಗೆ ಮೇಲೆಯೇ ಕೂರಿಸಿದ್ದ.

"ಏನ್ರೀ ಇದು, ಗಂಟು ಮೇಲಿದೆ? ನಿಯಮ ಗೊತ್ತಿಲ್ವಾ?"

"ಗೊತ್ತು ಮೇಡಂ."

"ಮತ್ತೆ?"

"ಅಭ್ಯಾಸ ಮೇಡಂ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೆಂಡತಿ ಸೆರಗಿನಿಂದ ಒಲೆ ಒರೆಸುವ ನಾಟಕ ಮಾಡಿದಳು. ಸಾಯಲಿರುವ ಚೌಕಿಗೆ ಶಿಸ್ತು ಕಲಿಸಿ ಏನಾಗಬೇಕು?

ಗಡಿಯ ವ್ಯವಹಾರ ಕೇಳಿದರೆ ನಗು ಬರುತ್ತದೆ. ಮೇಲೆ ದಿಬ್ಬದಲ್ಲಿ ಒಂದು ಚಪ್ಪಟೆ ಕಲ್ಲು, ಗಡಿಕಲ್ಲು. ನಮ್ಮವನು ಚೀಲವನ್ನು ಅದರ ಮೇಲಿಟ್ಟು ದೂರ ಸರಿಯಬೇಕು. ಆಗ ಆಚೆಯ ಹರಿಕಾರ ಬಂದು ನಮ್ಮ ಚೀಲ ತೆಗೆದುಕೊಂಡು ತನ್ನದನ್ನು ಇಟ್ಟು ಹೋಗುತ್ತಾನೆ. ಮಾತಾಡುವಂತಿಲ್ಲ, ಕೈ ಬೀಸುವಂತಿಲ್ಲ, ಎರಡೂ ಕಡೆ ಸಿಪಾಯಿಗಳ ಕಾವಲು. ಇದರಲ್ಲಿ ಇನ್ನೂ ಒಂದು ಚಂದವಿದೆ. ಆ ಆಚೆಯವನು ಈತನ ಬೀಗ. ದಿಬ್ಬದ ಮೇಲೆ ಓಡಾಟವಿದ್ದ ಕಾಲದಲ್ಲಿ ಈತ ಮಗಳನ್ನು ಅವನ ಮಗನಿಗೆ ಕೊಟ್ಟ. ಮದುವೆಯಾದ ಮೇಲೆ ಜನ ದಾಟುವುದನ್ನು ನಿಲ್ಲಿಸಿದರು. ಈಗ ಚೀಲ ದಾಟುತ್ತದೆ, ಅಪ್ಪ ದಾಟುವಂತಿಲ್ಲ. ಜಗಳವಾಡದ ಬೀಗರನ್ನು ನೋಡಬೇಕಾದರೆ ಈ ಚೌಕಿಗೇ ಬರಬೇಕು.

ಅಕ್ಟೋಬರ್ 13, ಮಂಗಳವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆಯಿಂದ ಕಪಾಟು ಈ ಗೋಡೆಯಿಂದ ಆ ಗೋಡೆಗೆ, ಮೇಜು ಕಿಟಕಿಯ ಕಡೆಗೆ, ಮತ್ತೆ ಕಿಟಕಿಯಿಂದ ಈಚೆಗೆ. ಹರಿಕಾರನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಮೇಡಮ್ಮ, ಗೋಡೇನೂ ಸ್ವಲ್ಪ ಸರಿಸ್ತೀರಾ?" ಎಂದಳು. ಈಕೆಯ ನಾಲಿಗೆ ಕತ್ತರಿ.

ಚರಿತ್ರೆ ಒಂದು ಸಾಲೂ ಮುಂದೆ ಹೋಗುತ್ತಿಲ್ಲ. ಚೌಕಿಯ ಮುಂಬಾಗಿಲು ರಸ್ತೆಗೆ ಬೆನ್ನು ಹಾಕಿ ಬೆಟ್ಟದ ಕಡೆಗಿದೆ. ಯಾಕೆ ಎಂದು ಕೇಳಿದೆ.

"ಆವಾಗ ಎಲ್ಲಾ ಒಂದೇ ದೇಶ ಮೇಡಂ. ಸವಾರರು ಮೇಲಿಂದಾನೇ ಬರೋರು. ಬಂದ ಕೂಡಲೇ ಕುದುರೆ ಬದಲಿ ಮಾಡಿ ಓಡೋಕೆ ಅಂತ ಆ ಕಡೆ ಬಾಗಿಲು" ಎಂದ ಹರಿಕಾರ.

"ಇವರ ಮಾತು ಬರ್ಕೋಬೇಡಿ" ಎಂದಳು ಹೆಂಡತಿ. "ಮೊದಲ್ನೇ ಯಜಮಾನನಿಗೂ ಮೇಸ್ತ್ರಿಗೂ ಜಗಳ. ನಿನ್ನ ಮುಖ ನೋಡಲ್ಲ ಅಂತ ಮೇಸ್ತ್ರಿ ಬಾಗಿಲು ತಿರುಗಿಸಿ ಇಟ್ಟು ಹೋದ."

ಲಾಯದಲ್ಲಿ ಒಂದು ಕಾಲಕ್ಕೆ ಕುದುರೆಗಳು ಕಿಕ್ಕಿರಿದಿದ್ದವಂತೆ. ದಾರಿ ತಾನೇ ಬಲ್ಲ ಒಂದು ಹೆಣ್ಣು ಕುದುರೆಯ ಮೇಲೆ ಕುಡುಕ ಸವಾರನೊಬ್ಬ ಮಲಗಿಯೇ ಬರುತ್ತಿದ್ದ, ಟಪಾಲು ಒಂದು ದಿನವೂ ತಡವಾಗಲಿಲ್ಲ, ಕೊನೆಗೆ ಕುದುರೆಗೆ ಹುಲ್ಲು, ಸವಾರನಿಗೆ ಬಡ್ತಿ. ಇದನ್ನು ಮಾತ್ರ ಇಬ್ಬರೂ ಒಂದೇ ಥರ ಹೇಳಿದರು. ಇಲಾಖೆಯಲ್ಲಿ ಇವತ್ತಿಗೂ ಹಾಗೆಯೇ ನಡೆಯುತ್ತಿರುವುದರಿಂದ ನಾನೂ ನಂಬಿದೆ.

ಅಕ್ಟೋಬರ್ 15, ಗುರುವಾರ

ಆಚೆಯ ಚೀಲದಲ್ಲಿ ಮಗಳ ಕಾಗದ. ಹರಿಕಾರನ ಕನ್ನಡಕ ಒಡೆದಿದೆ, ಹೆಂಡತಿಗೆ ಓದು ಬರದು, ನಾನೇ ಓದಿದೆ. ಹೆರಿಗೆ ತಿಂಗಳ ಕೊನೆಗಂತೆ. ಅಮ್ಮ ಹತ್ತಿರವಿಲ್ಲದೆ ಹೆರಬೇಕಲ್ಲ ಎಂದು ಭಯವಂತೆ. "ಗುರುವಾರ ಮಾವ ಬಂದು ನಿಮ್ಮಪ್ಪ ದಿಬ್ಬದ ಮೇಲಿದ್ದ ಎಂದರೆ ಸಾಕು, ಅವತ್ತು ಎರಡು ತುತ್ತು ಹೆಚ್ಚು ಸೇರುತ್ತದೆ" ಎಂದು ಬರೆದಿದ್ದಾಳೆ.

ಆ ಸಾಲನ್ನು ಮತ್ತೆ ಓದಿ ಎಂದಳು ತಾಯಿ. ಓದಿದೆ. ಇನ್ನೊಮ್ಮೆ ಎಂದಳು.

ಚೌಕಿ ಮುಚ್ಚಿದ ಮೇಲೆ ಈ ಕಾಗದಗಳು ಎರಡೂ ರಾಜಧಾನಿಗಳನ್ನು ಸುತ್ತಿ, ವಿಮಾನ ಹತ್ತಿ, ತಿಂಗಳುಗಟ್ಟಲೆ ತಡವಾಗಿ ಬರುತ್ತವೆ. ಅದನ್ನು ನಾನು ಹೇಳಲಿಲ್ಲ. ಅವರಿಗೆ ಗೊತ್ತಿರಲೇಬೇಕು. ನನ್ನ ಗಂಡನ ಕಾಗದ ಈ ವಾರವೂ ಇಲ್ಲ.

ಅಕ್ಟೋಬರ್ 20, ಮಂಗಳವಾರ

ಹರಿಕಾರ ಲಾಯದ ಮೆಟ್ಟಿಲಲ್ಲಿ ಜಾರಿ ಪಾದ ಉಳುಕಿಸಿಕೊಂಡ. ಕುಂಬಳಕಾಯಿಯಂತೆ ಊದಿದೆ. ಗುರುವಾರ ಯಾರು ಹೋಗುವುದು? ಹೆಂಡತಿಗೆ ಮಂಡಿ ನೋವು. ಹಾಳೂರಿಗೆ ಉಳಿದವನೇ ಗೌಡ. ನಾನೇ ಹೋಗುತ್ತೇನೆ ಎಂದೆ. ಹರಿಕಾರ ಏನೋ ಹೇಳಲು ಬಾಯಿ ತೆರೆದ. "ಏನ್ರೀ?" ಎಂದೆ. "ಕಲ್ಲಿನ ಹತ್ರ ಜಾರುತ್ತೆ ಮೇಡಂ" ಎಂದು ನುಂಗಿಕೊಂಡ.

ಅಕ್ಟೋಬರ್ 22, ಗುರುವಾರ

ಹೋಗಿ ಬಂದೆ! ಕಾಲು ನನ್ನವಲ್ಲ ಅನ್ನಿಸುತ್ತಿದೆ, ಆದರೂ ಮನಸ್ಸು ಹಗುರವಾಗಿದೆ.

ಬೆಳಿಗ್ಗೆ ಬೇಗ ಎದ್ದು ಕಚೇರಿ ಕೋಣೆಯಲ್ಲಿ ನಾನೇ ಚೀಲ ಕಟ್ಟಿದೆ. ಪುಸ್ತಕದಲ್ಲಿದ್ದ ಹಾಗೆ ಬಾಯಿ ಮಡಚಿ, ಗಂಟು ಅಡಿಗೆ. ಮೇಲೊಂದು ಮೇಣಬಟ್ಟೆ ಸುತ್ತಿದೆ. ಈ ಚೌಕಿಯಿಂದ ಕ್ರಮಬದ್ಧವಾದ ಚೀಲ ಹೊರಟದ್ದು ಎಷ್ಟು ವರ್ಷಗಳಲ್ಲಿ ಇದೇ ಮೊದಲಿರಬೇಕು. ಕಲ್ಲಿನ ಮೇಲೆ ಮೇಣಬಟ್ಟೆ ಬಿಚ್ಚಿ ಚೀಲವಿಟ್ಟು ದೂರ ನಿಂತೆ.

ಆಚೆಯಿಂದ ಬೀಗ ಬಂದ. ದಪ್ಪ ಮೀಸೆ, ಕುಳ್ಳು ಮನುಷ್ಯ. ಚೀಲ ನೋಡಿದ, ನನ್ನನ್ನು ನೋಡಿದ, ಮತ್ತೆ ಚೀಲ ನೋಡಿದ. ಆಮೇಲೆ ನಿಧಾನವಾಗಿ ಟೋಪಿ ತೆಗೆದು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿದ. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಹುದ್ದೆಗೆ ಮರ್ಯಾದೆ ಕೊಡಲು ಗಡಿ ಅಡ್ಡ ಬರುವುದಿಲ್ಲ ಎಂದು ಖುಷಿಯಾಯಿತು. ನಮ್ಮ ಹರಿಕಾರ ಒಂದು ದಿನವಾದರೂ ನನಗೆ ಟೋಪಿ ತೆಗೆದಿದ್ದಾನೆಯೇ?

ಅಕ್ಟೋಬರ್ 26, ಸೋಮವಾರ

ಗಂಡನ ಕಾಗದ ಬಂತು. ಅರ್ಧ ಪುಟ. "ನಿನ್ನ ಆರ್ಡರ್ ಬಂತಾ? ನಿನ್ನ ಕೋಣೆಯಲ್ಲಿ ಅಮ್ಮನ ಹೊಲಿಗೆ ಮಷೀನು ಇಟ್ಟಿದ್ದೇವೆ, ಬರುವ ಮೊದಲು ತಿಳಿಸು, ತೆಗೆಸುತ್ತೇನೆ." ನನ್ನ ಕೋಣೆಗೆ ಹೋಗಲು ನಾನು ಮುಂಚೆ ತಿಳಿಸಬೇಕು. ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ಬಿಟ್ಟು ಲಾಯ ಗುಡಿಸಿದೆ.

ಹರಿಕಾರ ಇನ್ನೂ ಕುಂಟುತ್ತಿದ್ದಾನೆ. ಈ ಗುರುವಾರವೂ ನಾನೇ.

ಅಕ್ಟೋಬರ್ 29, ಗುರುವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಿಗ್ಗೆ ಹೋದ ವಾರದಂತೆಯೇ ಚೀಲ ಕಟ್ಟಿಕೊಂಡು ಹೋದೆ. ಬೀಗ ಬಂದ. ಗಡ್ಡ ಬೆಳೆದಿತ್ತು. ನನ್ನ ಕಡೆ ಕಣ್ಣೆತ್ತಲಿಲ್ಲ. ತನ್ನ ಚೀಲವನ್ನು ಕಲ್ಲಿನ ಮೇಲೆ ಮಲಗಿಸುವ ಹಾಗೆ ಇಟ್ಟು ಹೋದ. ನೋಡಿದರೆ ಅವನ ಚೀಲದ ಗಂಟೂ ಅಡಿಗಿತ್ತು! ನನ್ನನ್ನು ನೋಡಿ ಕಲಿತಿದ್ದಾನೆ ಎಂದು ದಾರಿಯುದ್ದಕ್ಕೂ ನಗುತ್ತಲೇ ಇಳಿದೆ.

ಅಡುಗೆಮನೆಯ ಮೇಜಿನ ಮೇಲೆ ಚೀಲವಿಟ್ಟು, "ನೋಡಿ, ನಿಮ್ಮ ಬೀಗರಿಗೂ ನಿಯಮ ಕಲಿಸಿಬಿಟ್ಟೆ" ಎಂದೆ.

ಹರಿಕಾರನ ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದವಳು ಚೀಲ ನೋಡಿದಳು. ಚಾಕು ಕೈಯಿಂದ ಬಿತ್ತು. ಗೋಡೆ ಹಿಡಿದುಕೊಂಡು ಕೆಳಗೆ ಕುಸಿದಳು. ಅಳಲಿಲ್ಲ, ಕೂಗಲಿಲ್ಲ. "ಹೋಯ್ತು, ನನ್ನ ಮಗು ಹೋಯ್ತು" ಎಂದು ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ ಹೇಳಿದಳು.

ಹರಿಕಾರ ಕುಂಟುತ್ತ ಬಂದ. ಚೀಲ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಡಂ, ಹೋದ ವಾರ ನೀವು ಗಂಟು ಎಲ್ಲಿ ಕಟ್ಟಿದ್ರಿ?"

"ಅಡಿಗೆ. ನಿಯಮ ಇರೋದೇ ಹಾಗೆ."

"ಇವತ್ತು?"

"ಇವತ್ತೂ."

ಅವನು ಕಣ್ಣು ಮುಚ್ಚಿಕೊಂಡ. ಆಮೇಲೆ ಹೇಳಿದ. ಮಾತಾಡಬಾರದೆಂದು ಕಟ್ಟುಮಾಡಿದ ದಿನದಿಂದ ಎರಡೂ ಕಡೆಯ ಹರಿಕಾರರು ಗಂಟಿನಲ್ಲೇ ಮಾತಾಡುತ್ತ ಬಂದಿದ್ದಾರೆ. ಗಂಟು ಮೇಲಿದ್ದರೆ ಮನೆಯಲ್ಲಿ ಎಲ್ಲರೂ ಕ್ಷೇಮ. ಗಂಟು ಅಡಿಗಿದ್ದರೆ ಸಾವಾಗಿದೆ.

"ಮೊದಲೇ ಹೇಳ್ಬಾರದಿತ್ತೇನ್ರೀ!" ಎಂದು ಕಿರುಚಿದೆ.

"ನೀವು ಆಫೀಸರು ಮೇಡಂ. ಸನ್ನೆ ಮಾಡೋದೂ ತಪ್ಪು. ಮುಚ್ಚೋಕೆ ಅಂತಾನೇ ಬಂದಿದ್ದೀರಿ, ಇನ್ನೊಂದು ಕಾರಣ ಯಾಕೆ ಕೊಡ್ಲಿ ಅಂತ..."

ಹಾಗಾದರೆ ನಾನೇ ಅವರಿಗೆ ಸಾವಿನ ಸುದ್ದಿ ಕೊಟ್ಟೆ. ಹರಿಕಾರನ ಬದಲು ಯಾರೋ ಹೆಂಗಸು ಬಂದಿದ್ದಾಳೆ, ಗಂಟು ಅಡಿಗಿದೆ. ಇನ್ನೇನು ಅರ್ಥ ಮಾಡಿಕೊಳ್ಳುತ್ತಾರೆ? ಟೋಪಿ ತೆಗೆದದ್ದು ನನಗಲ್ಲ.

"ಹಾಗಿದ್ರೆ ಅವರ ಗಂಟು ನನ್ನ ಗಂಟಿಗೆ ಉತ್ತರ ಇರ್ಬಹುದಲ್ಲ?" ಎಂದೆ.

"ಇರ್ಬಹುದು. ಒಬ್ಬರ ಮನೇಲಿ ಸಾವಾದ್ರೆ ಇನ್ನೊಬ್ಬರೂ ಮುಂದಿನ ಸಲ ಅಡಿಗೆ ಕಟ್ತೀವಿ. ದುಃಖ ನಿಮ್ಮೊಬ್ಬರದೇ ಅಲ್ಲ ಅನ್ನೋಕೆ." ಚೀಲದ ಕಡೆ ನೋಡುತ್ತ, "ಅವರ ಮನೇದೇ ಸುದ್ದಿನೂ ಇರ್ಬಹುದು. ತಿಂಗಳ ಕೊನೆ ಅಂದಿದ್ಲು" ಎಂದ.

ಚೀಲ ಬಿಚ್ಚಿ ಎಲ್ಲ ಕಾಗದಗಳನ್ನೂ ತಿರುವಿ ಹಾಕಿದೆ. ಮಗಳ ಕಾಗದ ಇರಲಿಲ್ಲ.

ಅಕ್ಟೋಬರ್ 30, ಶುಕ್ರವಾರ

ಒಲೆ ಹಚ್ಚಿಲ್ಲ. ಆಕೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 31, ಶನಿವಾರ

ಬಾಗಿಲಿಗೆ ಹೋಗುತ್ತೇನೆ, ದಿಬ್ಬ ನೋಡುತ್ತೇನೆ, ಒಳಗೆ ಬರುತ್ತೇನೆ. ಇವತ್ತೇ ಹೋಗಿ ಕೂಗಿಬಿಡಲೇ ಎಂದು ಕೇಳಿದೆ. "ಯಾರಿಗೆ ಕೂಗ್ತೀರಿ? ಆಚೆ ಊರು ಇಳಿಜಾರಿನ ಬುಡದಲ್ಲಿದೆ. ಗುರುವಾರ ಬಿಟ್ರೆ ಬೀಗರು ಹತ್ತಲ್ಲ" ಎಂದರು ಹರಿಕಾರಣ್ಣ. ಸಿಪಾಯಿಗಳ ಕೈಯಲ್ಲಿ ಹೇಳಿಸಬಹುದೇ? ಅವರಿಗೂ ಮಾತಾಡುವ ಅನುಮತಿಯಿಲ್ಲವಂತೆ. ಎರಡು ದೇಶಗಳ ನಡುವೆ ಒಂದು ಗಂಟು ಬಿಟ್ಟರೆ ಬೇರೆ ನಾಲಿಗೆಯೇ ಇಲ್ಲ. ಆ ನಾಲಿಗೆಯನ್ನು ನಾನು ಸುಟ್ಟೆ.

ನಾನೇ ಆಲೂಗಡ್ಡೆ ಬೇಯಿಸಿದೆ. ಉಪ್ಪು ಹಾಕಲು ಮರೆತೆ. ಯಾರೂ ಹೇಳಲಿಲ್ಲ, ಯಾರಿಗೂ ಗೊತ್ತಾಗಿರಲಿಕ್ಕಿಲ್ಲ.

ನವೆಂಬರ್ 2, ಸೋಮವಾರ

ಕತ್ತೆಯವನು ಎರಡು ಕತ್ತೆ ತಂದಿದ್ದ. ಒಂದು ನನ್ನ ಸಾಮಾನಿಗಂತೆ.

"ಸಿಹಿ ಸುದ್ದಿ ಮೇಡಂ! ಈ ಚೀಲದಲ್ಲಿ ಎರಡು ಆರ್ಡರ್ ಇದೆ. ಪೇಟೆ ಆಫೀಸಿಗೆಲ್ಲಾ ಗೊತ್ತು. ಒಂದು, ಇವತ್ತಿಂದ ಚೌಕಿ ಬಂದ್, ಇನ್ನು ಒಂದು ಚೀಲಾನೂ ಮೇಲೆ ಹೋಗಂಗಿಲ್ಲ. ಇನ್ನೊಂದು, ನಿಮ್ಮೂರಿಗೆ ನಿಮ್ಮ ವರ್ಗ. ಕಟ್ಕೊಳ್ಳಿ ಗಂಟು ಮೂಟೆ."

ಹರಿಕಾರಣ್ಣನ ಹೆಂಡತಿ, ಈಗ ನನಗೆ ಅಕ್ಕ, ಒಲೆಯ ಹತ್ತಿರ ಕೂತಿದ್ದರು. ತಲೆ ಎತ್ತಲಿಲ್ಲ.

ನಾನು ಚೀಲವನ್ನು ಕಪಾಟಿನ ಮೇಲಿಟ್ಟೆ. ನಿಯಮದಂತೆ ಆದೇಶವು ಅಧಿಕಾರಿಯ ಕೈ ಸೇರಿದ ಕ್ಷಣದಿಂದ ಜಾರಿ. ಚೀಲದೊಳಗಿರುವುದು ಇನ್ನೂ ನನ್ನ ಕೈ ಸೇರಿಲ್ಲ. ಪೇಟೆ ಆಫೀಸಿನ ಹರಟೆಗೆ ನಾನು ಸಹಿ ಮಾಡಿ ಕೊಡುವುದಿಲ್ಲ.

"ಬಿಚ್ಚಲ್ವಾ ಮೇಡಂ?"

"ಕತ್ತರಿ ಸಿಕ್ತಿಲ್ಲ."

ಕತ್ತರಿ ಮೇಜಿನ ಮೇಲೆಯೇ ಇತ್ತು. ಅವನು ಕತ್ತರಿ ನೋಡಿದ, ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಏನಾಯಿತೆಂದು ಹರಿಕಾರಣ್ಣ ಹೊರಗೆ ಕರೆದು ಹೇಳಿರಬೇಕು. ಹೊರಡುವಾಗ ಒಂದು ಕತ್ತೆಯನ್ನು ಬಿಟ್ಟು ಹೋದ. "ಬರೋ ಸೋಮವಾರದ ತನಕ ಹುಡುಕಿ ಮೇಡಂ. ಕತ್ತರಿ ಅಂದ್ರೆ ಹಾಗೇ, ಬೇಕಾದಾಗ ಸಿಗಲ್ಲ" ಎಂದ.

ನವೆಂಬರ್ 3, ಮಂಗಳವಾರ

ಬೆಳಿಗ್ಗೆ ಅಕ್ಕ ಮೊದಲ ಸಲ ಮಾತಾಡಿದರು. ನಾನು ಕೇಳದೆಯೇ, ಗಂಟು ಅಡಿಗಿದ್ದ ಗುರುವಾರಗಳನ್ನು ಒಂದೊಂದಾಗಿ ಹೇಳಿದರು. ಹರಿಕಾರಣ್ಣನ ತಾಯಿ ಸತ್ತಾಗ. ಬೀಗಿತ್ತಿ ಸತ್ತಾಗ. ಕೊನೆಯ ಕುದುರೆ ಸತ್ತಾಗಲೂ ಅಡಿಗೆ ಕಟ್ಟಿದರಂತೆ, ಬೀಗರು ದಿಬ್ಬದ ಮೇಲೆ ಕೂತು ಕುದುರೆಗಾಗಿ ಅತ್ತರಂತೆ. ನಾನು ಎಲ್ಲವನ್ನೂ ಚರಿತ್ರೆಯಲ್ಲಿ ಬರೆದುಕೊಂಡೆ. ಚೌಕಿಗೆ ಯಜಮಾನರು ಯಾರು ಯಾರಿದ್ದರು ಎನ್ನುವ ಪುಟವನ್ನು ಹರಿದು ಒಲೆಗೆ ಹಾಕಿದೆ, ಒಲೆ ಹೊತ್ತಿಸಲು ಬೇಕಾಗಿತ್ತು.

"ಅವಳಿಗೆ ಚಿಕ್ಕೋಳಿದ್ದಾಗ ಗುಡುಗು ಅಂದ್ರೆ ಹೆದರಿಕೆ" ಎಂದರು ಅಕ್ಕ. "ಇದ್ದಾಳೆ ಅಂತ ಒಂದು ಸಲ ಅನ್ಸುತ್ತೆ ತಂಗಿ. ಒಂದು ಸಲ ಇಲ್ಲ ಅನ್ಸುತ್ತೆ. ಎರಡೂ ಒಟ್ಟಿಗೆ ಹೊಟ್ಟೇಲಿ ಇಟ್ಕೊಂಡು ಹ್ಯಾಗೆ ಕೂರ್ಲಿ?"

ಹತ್ತಿರ ಕೂತೆ.

ನವೆಂಬರ್ 4, ಬುಧವಾರ

ಹಿಮ ಶುರುವಾಗಿದೆ. ನಾಳೆ ದಾರಿ ಮುಚ್ಚೀತೇ? ಅಂಗಳಕ್ಕೆ ಹೋಗಿ ಹೋಗಿ ಹೆಜ್ಜೆಯ ಜಾಡೇ ಬಿದ್ದಿದೆ. ಹರಿಕಾರಣ್ಣ ಬಂದೇ ಬರುತ್ತೇನೆ ಎನ್ನುತ್ತಾರೆ. ಬರಲೇಬೇಕು. ಗಂಟನ್ನು ಎಲ್ಲಿ ಕಟ್ಟಿದರೂ ಇನ್ನು ನನ್ನ ಮಾತು ಯಾರು ನಂಬುತ್ತಾರೆ? ಅವರ ಮುಖವೇ ಬೀಗರಿಗೆ ಕಾಣಬೇಕು.

"ನಡೆಯೋಕೆ ಆಗುತ್ತಾ?"

"ಕತ್ತೆ ಇದೆಯಲ್ಲ, ನಿಮ್ಮ ಸಾಮಾನಿನ ಕತ್ತೆ."

"ಬೀಳ್ಸುತ್ತೆ ಅದು."

"ನಿಮ್ಮನ್ನ ಬೀಳ್ಸಿತ್ತು. ಅದಕ್ಕೆ ಆಫೀಸರು ಅಂದ್ರೆ ಆಗಲ್ಲ" ಎಂದರು ಅಕ್ಕ. ಆಕೆಯ ನಾಲಿಗೆ ಮತ್ತೆ ಮಸೆದುಕೊಂಡದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೊರಗೆ ಹೋಗಿ ಅತ್ತೆ.

ನವೆಂಬರ್ 5, ಗುರುವಾರ

ಮೂವರೂ ಹೋದೆವು. ಹರಿಕಾರಣ್ಣ ಕತ್ತೆಯ ಮೇಲೆ, ನಾನು ಹಗ್ಗ ಹಿಡಿದು ಮುಂದೆ, ಅಕ್ಕ ಮಂಡಿ ಹಿಡಿದುಕೊಂಡು ಹಿಂದೆ. ಬರಬೇಡಿ ಎಂದರೆ ಕೇಳಲಿಲ್ಲ. ಚೀಲವನ್ನು ಅಣ್ಣನೇ ಕಟ್ಟಿದರು, ಗಂಟು ಮೇಲೆ. ಒಳಗೆ ಕಳೆದ ವಾರ ಚೀಲಕ್ಕೆ ಸೇರದೆ ಉಳಿದಿದ್ದ, ಆಚೆಗೆ ಹೋಗಬೇಕಾದ ಕಾಗದಗಳಿದ್ದವು.

ಕಲ್ಲಿನ ಮೇಲಿನ ಹಿಮ ಗುಡಿಸಿ ಚೀಲವಿಟ್ಟೆ. ದೂರ ಸರಿದು ಕಾದೆವು. ಯಾರೂ ಬರಲಿಲ್ಲ. ಸೂರ್ಯ ನೆತ್ತಿಗೆ ಬಂದು ಇಳಿಯತೊಡಗಿದ. ಚೌಕಿ ಮುಚ್ಚಿದ ಸುದ್ದಿ ಆಚೆಗೂ ಹೋಗಿದ್ದರೆ? ಇನ್ನು ಬೀಗರು ಬರುವುದೇ ಇಲ್ಲವೆಂದಾದರೆ? ನಾನು ಅತ್ತಿಂದಿತ್ತ ತಿರುಗುತ್ತಲೇ ಇದ್ದೆ. "ನಿಂತ್ಕೋ ತಂಗಿ, ನನಗೆ ತಲೆ ಸುತ್ತುತ್ತೆ" ಎಂದರು ಅಕ್ಕ. ನಿಲ್ಲಲು ಆಗಲಿಲ್ಲ.

ಕೊನೆಗೆ ಆಚೆಯ ಇಳಿಜಾರಿನಲ್ಲಿ ಟೋಪಿ ಕಂಡಿತು. ಆಮೇಲೆ ಮೀಸೆ. ಬೀಗರು ತಲೆ ತಗ್ಗಿಸಿಕೊಂಡೇ ಹತ್ತಿ ಬಂದು, ಕಲ್ಲಿನ ಹತ್ತಿರ ನಿಂತು, ಚೀಲ ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ತಲೆ ಎತ್ತಿದರು. ಕತ್ತೆಯ ಮೇಲೆ ಕೂತವರನ್ನು ನೋಡಿದರು.

ಹೆಗಲ ಮೇಲಿನ ಚೀಲ ಧೊಪ್ಪೆಂದು ಕೆಳಗೆ ಬಿತ್ತು.

"ಬೀಗರೇ! ಬದುಕಿದ್ದೀರೇನ್ರೀ?"

ಕೂಗು ಬೆಟ್ಟಕ್ಕೆಲ್ಲ ಕೇಳಿಸಿತು. ನಮ್ಮ ಕಾವಲಿನಿಂದ ಸಿಪಾಯಿ ಸೀಟಿ ಊದಿದ. ಅಕ್ಕ ಆಗಲೇ ಕಲ್ಲಿನವರೆಗೂ ನಡೆದುಬಿಟ್ಟಿದ್ದರು.

"ನನ್ನ ಮಗಳು ಇದ್ದಾಳೇನ್ರೀ? ಹೇಳ್ರೀ, ಇದ್ದಾಳಾ?"

"ಇದ್ದಾಳೆ ಬೀಗಿತ್ತಿ, ಇದ್ದಾಳೆ! ಭಾನುವಾರ ಹೆತ್ತಳು. ಹೆಣ್ಣು ಮಗು." ಆಮೇಲೆ ಅವರ ದನಿ ಇಳಿಯಿತು. "ಆದ್ರೆ ಒಂದು ತುತ್ತು ತಿಂತಿಲ್ಲ. ಅಪ್ಪನ ಮುಖ ನೋಡ್ಲಿಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಎದೇಲಿ ಹಾಲಿಲ್ಲ. ಮಗು ಅತ್ತು ಅತ್ತು ದನೀನೇ ಹೋಗಿದೆ. ಇವತ್ತು ಬರೋದೇ ಬೇಡ ಅಂತಿದ್ದೆ..."

ಆಗ ಅಣ್ಣನಿಗೆ ಮಾತು ಬಂತು. ಬಂದದ್ದು ಗುಡುಗಿನಂತೆ.

"ಮತ್ತೆ ಇಲ್ಲಿ ನಿಂತು ಏನ್ರೀ ಕಥೆ ಹೇಳೋದು? ಓಡ್ರೀ! ನಿಮ್ಮಪ್ಪ ಕತ್ತೆ ಮೇಲೆ ಕೂತಿದ್ದ, ನನಗೆ ಬೈದ ಅಂತ ಹೇಳಿ! ಬೈದದ್ದು ಹೇಳಿದ್ರೆ ನಂಬ್ತಾಳೆ!"

ಬೀಗರು ನಕ್ಕರೋ ಅತ್ತರೋ ತಿಳಿಯಲಿಲ್ಲ. "ನಾವು ನಿಮಗೋಸ್ಕರ ಅತ್ತು ಮುಗಿಸಿದ್ವಲ್ರೀ" ಎನ್ನುತ್ತ ಕಣ್ಣೊರೆಸಿಕೊಂಡು ತಿರುಗಿ ಓಡಿದರು. ತಂದ ಚೀಲ ಹಿಮದಲ್ಲಿ, ನಮ್ಮ ಚೀಲ ಕಲ್ಲಿನ ಮೇಲೆ, ಎರಡನ್ನೂ ಬಿಟ್ಟು.

"ರೀ! ಟಪಾಲು! ಟಪಾಲು ಬಿಟ್ರಿ!" ಎಂದು ಕೂಗಿದೆ. ಅವರಿಗೆ ಕೇಳಿಸಲಿಲ್ಲ. ಕಲ್ಲಿನ ಮೇಲಿದ್ದ ನಮ್ಮ ಚೀಲ ಎತ್ತಿಕೊಂಡು ಓಡಿದೆ. ಇಳಿಜಾರಿನಲ್ಲಿ ಅವರ ತೋಳು ಹಿಡಿದು ನಿಲ್ಲಿಸಿ ಹೆಗಲಿಗೆ ಹಾಕಿದೆ. "ನಾನು ಕಟ್ಟಿದ್ದು. ಆ ಗಂಟು ನಾನು ಕಟ್ಟಿದ್ದು. ತಪ್ಪಾಯ್ತು ಅಂತ ಅವಳಿಗೆ ಹೇಳಿ" ಎಂದೆ. "ನೀವು ಯಾರಮ್ಮ?" ಎಂದು ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಇಳಿದು ಹೋಗಿದ್ದರು. ಈಚೆಗೆ ತಿರುಗಿದಾಗ ಗಡಿಕಲ್ಲು ನನ್ನ ಮುಂದೆ ಬಹಳ ದೂರದಲ್ಲಿತ್ತು, ಸೀಟಿ ಇನ್ನೂ ಕೇಳುತ್ತಲೇ ಇತ್ತು.

ನವೆಂಬರ್ 7, ಶನಿವಾರ

ಎರಡು ದಿನ ಮೂವರೂ ಬಾಗಿಲಲ್ಲೇ ಇದ್ದೆವು. ತಿಂದಳೋ ಇಲ್ಲವೋ? ಮಗು ಹಾಲು ಕುಡಿಯಿತೋ ಇಲ್ಲವೋ?

ಇವತ್ತು ಕಾವಲಿನ ಸಿಪಾಯಿ ಚಹಾ ಕುಡಿಯುವ ನೆಪ ಮಾಡಿಕೊಂಡು ಇಳಿದು ಬಂದ. ಅರ್ಧ ಲೋಟ ಮುಗಿಸಿ, ಯಾರಿಗೂ ಹೇಳುತ್ತಿಲ್ಲವೆಂಬಂತೆ ಸೂರು ನೋಡುತ್ತ ಹೇಳಿದ. "ನಮಗೆ ಮಾತಾಡೋ ಹಾಗಿಲ್ಲ. ಆದ್ರೆ ಆಚೆಯೋರು ಹಾಡು ಹೇಳಿದ್ರೆ ಕಿವಿ ಮುಚ್ಕೊಳ್ಳಿ ಅಂತ ಆರ್ಡರ್ ಇಲ್ವಲ್ಲ. ಬೆಳಿಗ್ಗೆ ಹಾಡ್ತಿದ್ರು. ಯಾವಳೋ ಬಾಣಂತಿ ಎರಡು ತಟ್ಟೆ ಊಟ ಮಾಡಿದ್ಲಂತೆ. ಬಾಯ್ತುಂಬ ಅಪ್ಪನ್ನ ಬೈದಳಂತೆ. ಕೂಸಿನ ಬಾಯಿ ತುಂಬ ಹಾಲಂತೆ."

ಅಕ್ಕ ಅವನ ಲೋಟ ಕಿತ್ತುಕೊಂಡು ತುಂಬಿ ಕೊಟ್ಟರು, ತುಂಬಿ ಮೇಜಿಗೂ ಚೆಲ್ಲಿದರು. ಅಣ್ಣ ಲಾಯದ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ.

ಹೊರಡುವಾಗ ಸಿಪಾಯಿ ನನ್ನ ಹತ್ತಿರ ಬಂದು, "ಗುರುವಾರದ ವರದಿ ಕಳಿಸಲೇಬೇಕಾಯ್ತು ಮೇಡಂ. ನೀವು ದಾಟಿದ್ದು ಬರೀಲಿಲ್ಲ. ಚೀಲ ಇಟ್ಟದ್ದು ಬರೆದೆ" ಎಂದ. ಒಳ್ಳೆಯದು ಮಾಡಿದಿರಿ ಎಂದೆ. ಇವತ್ತು ಯಾರು ಏನು ಹೇಳಿದ್ದರೂ ಹಾಗೆಯೇ ಅನ್ನುತ್ತಿದ್ದೆ.

ನವೆಂಬರ್ 9, ಸೋಮವಾರ

ಕತ್ತೆಯವನು ಚೀಲದಲ್ಲಿ ಹಾಕದೆ ಕೈಯಲ್ಲೇ ಒಂದು ಕಾಗದ ತಂದ. ಬಿಚ್ಚದೆ ಇರುವಂತಿಲ್ಲ, ಅವನ ಮುಂದೆಯೇ ಸಹಿ ಹಾಕಿ ಪಡೆಯಬೇಕು. ಚೌಕಿ ಮುಚ್ಚಿದ ಮೇಲೂ ಐದನೇ ತಾರೀಕು ಗಡಿಗೆ ಚೀಲ ಹೋದದ್ದು ಹೇಗೆ? ಕಾರಣ ಬರೆದು ಕಳಿಸಿ. ಉತ್ತರ ನೋಡುವವರೆಗೆ ಊರಿನ ವರ್ಗ ತಡೆಹಿಡಿಯಲಾಗಿದೆ.

"ದೊಡ್ಡ ಗುಮಾಸ್ತರು ಗುಟ್ಟಾಗಿ ಹೇಳಿ ಕಳಿಸಿದ್ದಾರೆ" ಎಂದ ಕತ್ತೆಯವನು. "ಹಿಮ ಬಿದ್ದು ಆರ್ಡರ್ ತಡವಾಗಿ ಸಿಕ್ತು ಅಂತ ಒಂದು ಸಾಲು ಬರೀರಿ ಸಾಕಂತೆ. ಸಾಹೇಬರಿಗೂ ಇದನ್ನ ಎಳೆಯೋದು ಬೇಡ. ಮುಂದಿನ ವಾರ ನೀವು ನಿಮ್ಮನೇಲಿರ್ತೀರಿ."

ಒಳ್ಳೆಯ ಉಪಾಯ. ಹಿಮ ಬಿದ್ದದ್ದೂ ಸುಳ್ಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವನನ್ನು ಕೂರಿಸಿ, ಕಚೇರಿ ಕೋಣೆಗೆ ಹೋಗಿ, ಹಿಮದ ವಿಷಯ ಬರೆಯಲು ಕೂತೆ. ಹೊರಗೆ ಅಕ್ಕ, ಕತ್ತೆಗೆ ಹುಲ್ಲು ಸಾಲದೆಂದು ಅಣ್ಣನ ಮೇಲೆ ರೇಗುತ್ತಿದ್ದರು. ಮಗುವಿಗೆ ಹೆಸರು ಯಾರು ಇಡಬೇಕು ಎಂದು ಅಲ್ಲಿಂದಲೇ ಇನ್ನೊಂದು ಜಗಳವೂ ಶುರುವಾಯಿತು. ಕೇಳುತ್ತ ಕೇಳುತ್ತಲೇ ಬರೆದು ಮುಗಿಸಿದೆ. ಬರೆದದ್ದನ್ನು ಇಲ್ಲಿಯೂ ನಕಲು ಮಾಡಿಡುತ್ತೇನೆ:

"ಆದೇಶವಿದ್ದ ಚೀಲವು ಎರಡನೇ ತಾರೀಕಿನಂದೇ ತಲುಪಿತ್ತು. ತಿಳಿದೇ ಬಿಚ್ಚಲಿಲ್ಲ. ಐದನೇ ತಾರೀಕು ಚೀಲ ಕಳಿಸಿದ ಕಾರಣ: ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲವೆಂದು ಮಗಳಿಗೆ ತಿಳಿಸಬೇಕಾಗಿತ್ತು."

ಇನ್ನೊಮ್ಮೆ ಓದಿ ನೋಡಿದೆ. ತಿದ್ದುವಂಥದ್ದೇನೂ ಕಾಣಲಿಲ್ಲ. ಸಹಿ ಹಾಕಿ ಕೊಟ್ಟೆ.